ತಾಯಿಯ ಮುಂದೆ ಹೇಳಬಹುದಾದ ಬೈಗುಳ

೩ ಜೂನ್

ಪ್ರೀತಿಯ ಅತ್ತೆಗೆ ನಮಸ್ಕಾರ.

ವರ್ಷಕ್ಕೊಂದು ಕಾರ್ಡು ಹಾಕಲೂ ಸೋಮಾರಿತನ ಮಾಡುವವಳು ಹಾಳೆ ತುಂಬ ಬರೆದಿದ್ದಾಳಲ್ಲ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ ಎಂದು ಕಿಟಕಿಯತ್ತ ನೋಡುತ್ತಿದ್ದೀರಿ ತಾನೇ? ನಾಲ್ಕು ಸಲ ಫೋನ್ ಮಾಡಿದೆ. ನೀವು ಎತ್ತಲಿಲ್ಲ. ನನ್ನ ಮೇಲೆ ಸಿಟ್ಟಿದ್ದರೆ ಬೈದು ಬರೆಯಿರಿ, ನಿಮ್ಮ ಹತ್ತಿರ ಬೈಸಿಕೊಂಡೇ ಕಲಿತವಳು ನಾನು.

ಇಲ್ಲಿ ಎಲ್ಲ ಕ್ಷೇಮ. ವಿಚಾರಣಾ ಮಂಡಳಿಯಲ್ಲಿ ದುಭಾಷಿ ಕೆಲಸ ನಡೆದಿದೆ. ಎರಡನೇ ಮಹಡಿಯ ಅದೇ ಕೋಣೆ, ಅಧಿಕಾರಿಯ ಮೇಜಿನ ಪಕ್ಕ ನನಗೊಂದು ಬೆನ್ನಿಲ್ಲದ ಸ್ಟೂಲು, ಎದುರಿಗೆ ಟೈಪಿಸ್ಟ್ ಅಕ್ಕ. ಕೆಲಸದಿಂದ ತೆಗೆದುಹಾಕಿಸಿಕೊಂಡವರು ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಾರೆ. ಸಾಕ್ಷಿ ಸ್ಪ್ಯಾನಿಷ್ ಆಡುವವರಾದರೆ ನನಗೆ ಕರೆ ಬರುತ್ತದೆ. ಹೊಸದಾಗಿ ಸೇರುವ ದುಭಾಷಿಗಳಿಗೆ ಇವತ್ತಿಗೂ ನಿಮ್ಮ ಕೈಪಿಡಿಯನ್ನೇ ಕೊಡುತ್ತಾರೆ. "ಇವರು ಅವರ ಸೋದರಸೊಸೆ" ಎಂದು ನನ್ನನ್ನು ತೋರಿಸಿದಾಗ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತೇನೆ.

ಒಂದು ಸಣ್ಣ ಸಂದೇಹ. ಸ್ಪ್ಯಾನಿಷ್‌ನಲ್ಲಿ ನಡತೆ ನೆಟ್ಟಗಿಲ್ಲದವರನ್ನು ಕರೆಯುವ ಪದಗಳಿವೆಯಲ್ಲ, ಪಿಯೊ, ಪೀಕರೊ, ಗ್ರನೂಹಾ, ಕನಾಯಾ, ಇತ್ಯಾದಿ. ಇವೆಲ್ಲ ಹೆಚ್ಚು ಕಡಿಮೆ ಒಂದೇ ಅಲ್ಲವೇ? ನನ್ನ ನಿಘಂಟಿನಲ್ಲಿ ಎಲ್ಲದರ ಮುಂದೆಯೂ ಮೋಸಗಾರ, ಠಕ್ಕ ಎಂದೇ ಇದೆ. ಒಂದರ ಜಾಗದಲ್ಲಿ ಇನ್ನೊಂದು ಬಿದ್ದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಅನ್ನಿಸುತ್ತದೆ. ನೀವೂ ಹಾಗೇ ಹೇಳುತ್ತೀರಿ ಎಂದುಕೊಂಡಿದ್ದೇನೆ. ಹೌದು ಎಂದು ಎರಡು ಸಾಲು ಬರೆದರೆ ಸಾಕು.

ನಿಮ್ಮ
ಸಾಸಿವೆ


೧೧ ಜೂನ್

ನನ್ನ ಸಾಸಿವೆಗೆ ಆಶೀರ್ವಾದ.

ಎರಡು ಸಾಲು ಸಾಕಂತೆ! ಎಣ್ಣೆ ಕಾಯುವ ಮುಂಚೆಯೇ ಸಿಡಿಯುವವಳು ಎಂದು ನಿನಗೆ ಸಾಸಿವೆ ಎಂದು ಹೆಸರಿಟ್ಟದ್ದು ನಾನೇ. ಹತ್ತು ವರ್ಷ ಕಲಿಸಿದರೂ ಪದಗಳ ಬಗ್ಗೆ ತಾನಾಗಿ ಒಂದು ಪ್ರಶ್ನೆ ಕೇಳಿದವಳಲ್ಲ ನೀನು. ಈಗ ಕೇಳಿದ್ದೀಯ. ಸಂತೋಷಕ್ಕೆ ನಾನು ಒಲೆಯ ಮೇಲಿಟ್ಟ ಹಾಲು ಮರೆತೆ, ಅದು ಉಕ್ಕಿ ಒಲೆಯೆಲ್ಲ ಹೊಲಸಾಯಿತು. ಒರೆಸಿ ಬಂದು ಬರೆಯುತ್ತಿದ್ದೇನೆ.

ಒಂದೇ ಅಲ್ಲವೇ ಎನ್ನುತ್ತೀಯ. ಬೆಳ್ಳಗಿರುವುದೆಲ್ಲ ಹಾಲಲ್ಲ ಕಣೇ. ಆ ನಿಘಂಟನ್ನು ಅಲುಗಾಡುವ ಮೇಜಿನ ಕಾಲಿಗೆ ಕೊಡು. ನಾನು ಪದ ಕಲಿತದ್ದು ಬೇರೆ ದಾರಿಯಲ್ಲಿ. ಪದಕ್ಕೊಬ್ಬ ಮನುಷ್ಯನನ್ನು ಹುಡುಕಿ ಜೊತೆಗೆ ಕೂರಿಸುತ್ತಿದ್ದೆ. ಕೇಳು.

ಪಿಯೊ ಎಂದರೆ ನಿಮ್ಮಪ್ಪ. ಎಂಟು ವರ್ಷದವನಿದ್ದಾಗ ನನ್ನ ಕಥೆಪುಸ್ತಕದ ಕೊನೆಯ ಹಾಳೆ ಕಿತ್ತು ಜೇಬಿನಲ್ಲಿಟ್ಟುಕೊಂಡು, "ಅಕ್ಕಾ, ಕೊನೇಲಿ ಏನಾಯ್ತು ಗೊತ್ತಾಗ್ಬೇಕಾ? ನಿನ್ನ ಪಾಲಿನ ಬಿಸ್ಕತ್ತು ಕೊಡು" ಎನ್ನುತ್ತಿದ್ದ. ನಮ್ಮಲ್ಲಿ ಕಿಲಾಡಿ ಎನ್ನುತ್ತೇವಲ್ಲ, ಅದು. ಕೈ ಉದ್ದ, ಮನಸ್ಸು ಚಿಕ್ಕದಲ್ಲ.

ಪೀಕರೊ ನಮ್ಮ ಬೀದಿಯ ಛತ್ರಿ ರಿಪೇರಿಯವನು. "ಗ್ಯಾರಂಟಿ ಎಷ್ಟು ದಿನಾಪ್ಪ?" ಎಂದರೆ "ಮುಂದಿನ ಮಳೆವರೆಗೂ ಅಮ್ಮಾ" ಎಂದು ಎದೆಯುಬ್ಬಿಸಿ ಹೇಳುತ್ತಿದ್ದ. ಕಡ್ಡಿಯನ್ನು ಅರ್ಧ ಮಾತ್ರ ಬಿಗಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆದರೂ ಅವನ ಹತ್ತಿರವೇ ಹೋಗುತ್ತೇನೆ. ಹೊಟ್ಟೆಪಾಡಿಗೆ ಇಷ್ಟು ಬುದ್ಧಿ ಓಡಿಸುವವನಿಗೆ ತಲೆಬಾಗಬೇಕು.

ಸಿನ್‌ವೆರ್ಗ್ವೆನ್ಸಾ ಎಂದರೆ ನಾಚಿಕೆ ಬಿಟ್ಟವರು, ನಮ್ಮ ಭಂಡರು. ಪಕ್ಕದ ಮನೆಯಾಕೆ ನನ್ನ ಇಸ್ತ್ರಿಪೆಟ್ಟಿಗೆಯನ್ನು ತಿಂಗಳುಗಟ್ಟಲೆ ಇಟ್ಟುಕೊಂಡು, ಮೂರು ವರ್ಷದ ಹಿಂದೊಂದು ದಿನ ಬಂದು "ನಿಮ್ಮ ಪೆಟ್ಟಿಗೆ ಸರಿಯಾಗಿ ಕಾಯಲ್ಲ, ರಿಪೇರಿ ಮಾಡಿಸಿ ಕೊಡಿ" ಎಂದು ಜಬರ್ದಸ್ತು ಮಾಡಿದಳು. ಸಿಟ್ಟು ಬರಬೇಕಿತ್ತು, ಬಂದದ್ದು ಮೆಚ್ಚುಗೆ. ಮಾಡಿಸಿ ಕೊಟ್ಟೆ.

ಗ್ರನೂಹಾ ನನಗೆ ಬಹಳ ಇಷ್ಟದ ಪದ. ಹಳೆಯ ಅರ್ಥದಲ್ಲಿ ಗೊಂಚಲಿನಿಂದ ಉದುರಿದ ಬಿಡಿ ದ್ರಾಕ್ಷಿ. ಆಮೇಲೆ ಮನೆಯ ಗೊಂಚಲು ಬಿಟ್ಟು ಬೀದಿಯಲ್ಲಿ ಉರುಳಾಡುವವರನ್ನು ಹಾಗೆ ಕರೆದರು. ಇದಕ್ಕೆ ಎರಡು ಮುಖ. ಹುಬ್ಬು ಗಂಟಿಕ್ಕಿ ಅಂದರೆ ಠಕ್ಕ, ನಕ್ಕು ಅಂದರೆ ಪೋಕರಿ. ಅನ್ನುವವರ ಮುಖ ನೋಡದೆ ಈ ಪದವನ್ನು ಮುಟ್ಟಬಾರದು.

ಇನ್ನು ಕನಾಯಾ. ನಾಯಿಹಿಂಡು ಎಂಬ ಮಾತಿನಿಂದ ಬಂದದ್ದು. ಇದರಲ್ಲಿ ನಗುವಿಲ್ಲ. ಎಪ್ಪತ್ತೊಂಬತ್ತು ವರ್ಷದಲ್ಲಿ ಈ ಪದಕ್ಕೆ ತಕ್ಕವರು ನನಗೆ ಇಬ್ಬರೇ ಸಿಕ್ಕಿದ್ದು, ಅವರ ವಿಷಯ ಬರೆದು ಹಾಳೆ ಕೊಳೆ ಮಾಡುವುದಿಲ್ಲ.

ಗೊಂದಲವಾದರೆ ನನ್ನದೊಂದು ಪರೀಕ್ಷೆ ಇದೆ. ಆ ಮಾತನ್ನು ಅವನ ತಾಯಿಯ ಮುಂದೆ ಹೇಳಿದಂತೆ ಊಹಿಸಿಕೋ. ತಾಯಿ ನಕ್ಕು "ಹೂಂ, ಹುಟ್ಟಿದಾಗಿಂದ ಹಂಗೇ" ಅಂದರೆ ಒಂದು ಪದ. "ಏನ್ ಮಾಡ್ಲಿ ಹೇಳಿ" ಎಂದು ನಿಟ್ಟುಸಿರಿಟ್ಟರೆ ಇನ್ನೊಂದು. ಬಾಗಿಲು ಹಾಕಿಕೊಂಡರೆ ಕನಾಯಾ.

ಇಷ್ಟೆಲ್ಲ ಬರೆದ ಮೇಲೆ ನಾನೊಂದು ಕೇಳುತ್ತೇನೆ. ಮೂವತ್ತನಾಲ್ಕಕ್ಕೆ ಇದ್ದಕ್ಕಿದ್ದಂತೆ ಪೋಕರಿಗಳ ಬಗ್ಗೆ ಆಸಕ್ತಿ ಹುಟ್ಟಿದೆಯಲ್ಲ, ಯಾರವನು? ಸ್ಪ್ಯಾನಿಷ್ ಆಡುವವನೇ? ನಿಮ್ಮಪ್ಪನಿಗೆ ನಾನು ಹೇಳುವುದಿಲ್ಲ.

ನಿನ್ನ
ಅತ್ತೆ


೧೯ ಜೂನ್

ಅತ್ತೆಗೆ ನಮಸ್ಕಾರ.

ಯಾರೂ ಇಲ್ಲ. ನೀವು ಗಾಳಿಗೋಪುರ ಕಟ್ಟಬೇಡಿ.

ಕಾಗದ ತಲುಪಿತು, ಎರಡು ಸಲ ಓದಿದೆ. ನೀವು ಬರೆಯುವ ಹಾಗೆ ಬರೆಯಲು ನನಗೆ ಏಳು ಜನ್ಮಕ್ಕೂ ಆಗುವುದಿಲ್ಲ. ಆದರೆ ನಿಮ್ಮ ಕೈಪಿಡಿಯ ಒಂಬತ್ತನೇ ನಿಯಮ ಬೇರೆ ಥರ ಹೇಳುತ್ತದೆ. ‘ಒಂದು ಮಾತಿಗೆ ಮೃದು ಅರ್ಥ, ಕಟು ಅರ್ಥ ಎರಡೂ ಇದ್ದರೆ ದುಭಾಷಿ ಕಟುವಾದದ್ದನ್ನೇ ಆರಿಸಬೇಕು. ಬೈಗುಳವನ್ನು ತೊಳೆದು ಕೊಡುವುದು ನಮ್ಮ ಕೆಲಸವಲ್ಲ. ನಗು, ಅಳು, ನಿಟ್ಟುಸಿರು ಮಾತಲ್ಲ, ಅವನ್ನು ಬಿಡಬೇಕು.’ ಈ ನಿಯಮದ ಪ್ರಕಾರ ಗ್ರನೂಹಾವನ್ನು ಮೋಸಗಾರ ಎಂದರೆ ಸರಿಯೇ ತಾನೇ? ಹೌದೋ ಅಲ್ಲವೋ, ಅಷ್ಟು ತಿಳಿಸಿ.

ಸಾಸಿವೆ


೨೫ ಜೂನ್

ಮಗೂ,

ನಿನ್ನ ಕಾಗದ ಗಂಟಲಲ್ಲಿ ಮುಳ್ಳು ಸಿಕ್ಕವಳು ಮಾತಾಡಿದ ಹಾಗಿದೆ. ಪ್ರೀತಿಪ್ರೇಮ ಎಂದುಕೊಂಡ ನನ್ನ ಬುದ್ಧಿಗೆ ಏನನ್ನಲಿ, ಮುದುಕಿಗೆ ಮದುವೆಯದ್ದೇ ಯೋಚನೆ.

ಹೌದೋ ಅಲ್ಲವೋ ಎಂದು ನಾನು ಹೇಳುವುದಿಲ್ಲ. ಯಾರು ಅಂದರು, ಯಾರಿಗೆ ಅಂದರು, ಅಂದಾಗ ಮುಖ ಹೇಗಿತ್ತು? ಅದನ್ನು ಮೊದಲು ಬರೆ. ನೀನು ಕೇಳುತ್ತಿರುವುದು ಪದದ ವಿಷಯವಲ್ಲ ಎಂಬಷ್ಟು ನನಗೆ ತಿಳಿಯುತ್ತದೆ.

ಅತ್ತೆ


೩ ಜುಲೈ

ಅತ್ತೆ,

ಮುಖ ನಾನು ನೋಡಲಿಲ್ಲ. ಅವರು ಫೋನಿನಲ್ಲಿದ್ದರು. ಆದರೆ ನಕ್ಕದ್ದು ಕೇಳಿಸಿತು.

ಎಲ್ಲ ಹೇಳುತ್ತೇನೆ. ಇಲ್ಲಿನ ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಒಬ್ಬನಿದ್ದಾನೆ. ನಲವತ್ತು ದಾಟಿದವನು. ಹೊದಿಕೆ, ಹಾಸಿಗೆಬಟ್ಟೆಗಳ ಗಾಡಿ ತಳ್ಳುತ್ತಾ ವಾರ್ಡುಗಳಲ್ಲೆಲ್ಲ ಓಡಾಡುವುದರಿಂದ ಎಲ್ಲರೂ ಗಾಡಿಯಣ್ಣ ಎನ್ನುತ್ತಾರೆ. ಉಗ್ರಾಣದಿಂದ ಕಂಬಳಿಗಳು ಚೀಟಿಯಿಲ್ಲದೆ ಹೊರಗೆ ಹೋಗುತ್ತಿವೆ, ಇವನೇ ಕದಿಯುತ್ತಿದ್ದಾನೆ ಎಂದು ಉಗ್ರಾಣದ ಅಧಿಕಾರಿ ದೂರು ಕೊಟ್ಟು ಕೆಲಸದಿಂದ ತೆಗೆಸಿದ್ದಾನೆ. ಇವನು ಹೇಳುವುದು ಇಷ್ಟೇ. "ಹರಿದು ಸುಡೋಕೆ ಇಟ್ಟಿದ್ದ ಕಂಬ್ಳಿ ಸಾರ್. ರೋಗಿಗಳ ಕಡೆಯೋರು ಹೊರಗಡೆ ಬೆಂಚಿನ ಮೇಲೆ ಮುದುರ್ಕೊಂಡು ಮಲಗಿರ್ತಾರೆ. ಅವರಿಗೆ ಕೊಟ್ಟೆ." ಚೀಟಿ ಯಾಕೆ ಬರೆಸಲಿಲ್ಲ ಎಂದರೆ "ಕೇಳಿದ್ರೆ ಕೊಡ್ತಿರಲಿಲ್ಲ" ಎಂದ. ಕೋಣೆಯಲ್ಲಿ ಎಲ್ಲರೂ ನಕ್ಕರು, ಅಧಿಕಾರಿ ಒಬ್ಬರನ್ನು ಬಿಟ್ಟು.

ಅವನ ಪರ ಒಬ್ಬರೇ ಸಾಕ್ಷಿ. ಹದಿನೈದು ವರ್ಷ ಆ ವಿಭಾಗವನ್ನು ನೋಡಿಕೊಂಡು, ನಿವೃತ್ತಿಯಾಗಿ ತಮ್ಮ ದೇಶಕ್ಕೆ ಹೋದ ಹಳೆಯ ಮೇಲ್ವಿಚಾರಕಿ. ಇವನಿಗೆ ಕೆಲಸ ಕಲಿಸಿದವರು. ಇಲ್ಲಿ ಅಷ್ಟು ವರ್ಷ ಇದ್ದರೂ ಮುಖ್ಯವಾದ ಮಾತನ್ನೆಲ್ಲ ಸ್ಪ್ಯಾನಿಷ್‌ನಲ್ಲೇ ಆಡುವವರಂತೆ. ಮೇ ಇಪ್ಪತ್ತೇಳರಂದು ಅವರಿಗೆ ಫೋನ್ ಹಚ್ಚಿದರು. ಧ್ವನಿ ದೊಡ್ಡದು ಮಾಡುವ ಯಂತ್ರ ಕೆಟ್ಟಿತ್ತು. ರಿಸೀವರ್ ನನ್ನ ಕಿವಿಯಲ್ಲಿ ಮಾತ್ರ ಇತ್ತು. ಅವನ ಹೆಸರು ಹೇಳಿದ್ದೇ ತಡ, ಅವರು "ಆಹಾ, ಆ ಗ್ರನೂಹಾ! ನನ್ನ ಕಾಲದಿಂದಲೂ ಹೀಗೇ. ಎಷ್ಟು ಸಲ ಕಂಡಿದ್ದೇನೆ!" ಎಂದು ಹೊಟ್ಟೆ ತುಂಬ ನಕ್ಕರು. ಅಷ್ಟರಲ್ಲಿ ಲೈನ್ ಕಟ್ಟಾಯಿತು. ನಾನು ಹೇಳಿದ್ದು, "ಅವನೊಬ್ಬ ಮೋಸಗಾರ. ನನ್ನ ಕಾಲದಿಂದಲೂ ಹೀಗೇ. ಎಷ್ಟೋ ಸಲ ಕಂಡಿದ್ದೇನೆ." ಅಧಿಕಾರಿ "ಇಷ್ಟು ಸಾಕು, ಮತ್ತೆ ಫೋನ್ ಬೇಡ" ಎಂದರು. ಟೈಪಿಸ್ಟ್ ಅಕ್ಕ ಟೈಪ್ ಮಾಡಿದರು. ಗಾಡಿಯಣ್ಣ ನನ್ನ ಕಡೆ ನೋಡಲಿಲ್ಲ, ಫೋನಿನ ಕಡೆ ನೋಡುತ್ತಾ ನಿಂತಿದ್ದ.

ಅತ್ತೆ, ಪದ ನನಗೆ ಗೊತ್ತಿತ್ತು. ನೀವು ಬರೆಯುವ ಮೊದಲೇ ಗೊತ್ತಿತ್ತು. ಆ ಒಂದು ಕ್ಷಣ ಪೋಕರಿ ಎನ್ನಲೋ ಮೋಸಗಾರ ಎನ್ನಲೋ ಎಂದಾಗ ನಿಮ್ಮ ಒಂಬತ್ತನೇ ನಿಯಮ ಕಣ್ಣ ಮುಂದೆ ಬಂತು. ಎಲ್ಲ ಒಂದೇ ಎಂದು ನಿಮ್ಮ ಕೈಯಲ್ಲಿ ಬರೆಸಿಕೊಂಡು ನೆಮ್ಮದಿಯಾಗಿರೋಣ ಎಂದು ಆ ಮೊದಲ ಕಾಗದ ಹಾಕಿದೆ. ನೀವು ನಾಲ್ಕು ಹಾಳೆ ಬರೆದು ನನ್ನನ್ನೇ ಕಟಕಟೆಗೆ ಹತ್ತಿಸಿದಿರಿ.

ಕೊನೆಯ ವಿಚಾರಣೆ ಇದೇ ಇಪ್ಪತ್ತನಾಲ್ಕಕ್ಕೆ. ಎದ್ದು ಹೇಳಿದರೆ ನನ್ನ ಹೆಸರು ದುಭಾಷಿಗಳ ಪಟ್ಟಿಯಿಂದ ಹೋಗುತ್ತದೆ. ಹೇಳದಿದ್ದರೆ ಆ ನಗು ಕೇಳಿದವರು ಇನ್ಯಾರೂ ಇಲ್ಲ. ನಾನು ನಿಯಮ ಮೀರಿಲ್ಲ, ನಿಮ್ಮ ನಿಯಮವನ್ನೇ ಪಾಲಿಸಿದೆ. ಹಾಗಿದ್ದ ಮೇಲೆ ತಪ್ಪು ಯಾರದ್ದು? ನೀವೇ ಹೇಳಿ.

ಸಾಸಿವೆ


೧೪ ಜುಲೈ

ಅತ್ತೆಗೆ ನಮಸ್ಕಾರ.

ಹನ್ನೊಂದು ದಿನವಾಯಿತು, ನಿಮ್ಮಿಂದ ಒಂದಕ್ಷರವಿಲ್ಲ. ಫೋನೂ ಎತ್ತುವುದಿಲ್ಲ. ಕೊನೆಯ ಸಾಲು ಬರೆಯಬಾರದಿತ್ತು. ನಲವತ್ತು ವರ್ಷ ಆ ಕೋಣೆಗಳಲ್ಲಿ ನಿಂತು ಬಂದ ನಿಮಗೆ ನಾನು ಹಾಗೆ ಕೇಳಬಹುದೇ? ಬೈದಾದರೂ ಬರೆಯಿರಿ. ದಿನ ಹತ್ತಿರ ಬರುತ್ತಿದೆ, ನನಗೆ ಊಟ ಸೇರುತ್ತಿಲ್ಲ.

ಸಾಸಿವೆ


೧೬ ಜುಲೈ

ನನ್ನ ಸಾಸಿವೆಗೆ,

ಕೋಪವಿಲ್ಲ ಮಗಳೇ. ಉತ್ತರ ಐದು ಸಲ ಬರೆದು ಹರಿದೆ. ನಾಲ್ಕು ಉತ್ತರಗಳಲ್ಲಿ ನಾನೇ ಸರಿ ಎಂದಿತ್ತು. ಇದು ಆರನೆಯದು.

ಮೊದಲು ನಿನಗೆ ಹೇಳದ ಒಂದು ಸಂಗತಿ. ಫೋನ್ ಎತ್ತದೆ ಇದ್ದದ್ದು ಸಿಟ್ಟಿನಿಂದಲ್ಲ. ನನಗೆ ಕಿವಿ ಕೇಳಿಸುವುದಿಲ್ಲ. ಎರಡು ವರ್ಷವಾಯಿತು. ಫೋನ್ ಹೊಡೆದುಕೊಳ್ಳುವುದೇ ನನಗೆ ಗೊತ್ತಾಗುವುದಿಲ್ಲ. ಕಿವಿಯಿಂದಲೇ ಅನ್ನ ತಿಂದವಳು ಕಿವಿ ಹೋಯಿತೆಂದು ಯಾವ ಬಾಯಲ್ಲಿ ಹೇಳಲಿ? ನಿಮ್ಮಪ್ಪನಿಗೂ ತಿಳಿಸಿಲ್ಲ. ನಾಚಿಕೆಯಾಯಿತು, ಅಷ್ಟೇ.

ಇನ್ನು ಒಂಬತ್ತನೇ ನಿಯಮ. ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಬ್ಬ ಹೆಂಗಸು ಕೈಗೆ ಬ್ಯಾಂಡೇಜು ಸುತ್ತಿಕೊಂಡು ಗಂಡ ಹೆಂಡಿರ ವ್ಯಾಜ್ಯದ ಕೋಣೆಗೆ ಬಂದಿದ್ದಳು. ಅವಳ ಗಂಡ ತುಂಬಿದ ಕೋಣೆಯಲ್ಲೇ ಅವಳನ್ನು ಹೊಲಸು ಮಾತಿನಲ್ಲಿ ಬೈದ, ಕೊಲ್ಲುತ್ತೇನೆ ಎಂಬರ್ಥದ ಮಾತಾಡಿದ. ನನಗೆ ಇಪ್ಪತ್ತಾರು ವರ್ಷ, ಅಂಥ ಮಾತನ್ನು ನಾಲಿಗೆಯ ಮೇಲೆ ತರಲು ಸಂಕೋಚವಾಗಿ "ಇವರಿಗೆ ಹೆಂಡತಿಯ ಮೇಲೆ ಬಹಳ ಕೋಪವಿದೆ" ಎಂದೆ. ಕೋಪ ಯಾರಿಗಿರುವುದಿಲ್ಲ ಎಂದು ಅವಳನ್ನು ಅವನ ಜೊತೆ ಮನೆಗೆ ಕಳಿಸಿದರು. ಅವಳು ಮತ್ತೆ ಯಾವ ಕೋಣೆಗೂ ಬರಲಿಲ್ಲ. ಮೊದಲ ಕಾಗದದಲ್ಲಿ ಇಬ್ಬರು ಎಂದೆನಲ್ಲ, ಅವರಲ್ಲಿ ಅವನೊಬ್ಬ. ಆ ಹೆದರಿಕೆಯಲ್ಲಿ ಈ ನಿಯಮ ಬರೆದೆ. ಒಬ್ಬಳನ್ನು ಉಳಿಸಲಾರದೆ ಬರೆದ ಮಾತನ್ನು ಎಲ್ಲರಿಗೂ ಕಲಿಸಿದೆ.

ಈಗ ಕಿವಿ ಹೋದ ಮೇಲೆ ಅಂಗಡಿಯಲ್ಲಿ, ಬೀದಿಯಲ್ಲಿ ಜನರ ಮುಖ ನೋಡುತ್ತೇನೆ. ಮಾತು ಬರುವುದಿಲ್ಲ, ನಗು ಬರುತ್ತದೆ. ನಕ್ಕರೋ ಗದರಿದರೋ ಅಷ್ಟು ತಿಳಿದರೆ ಮುಕ್ಕಾಲು ಮಾತು ತಿಳಿದಂತೆ. ಉಳಿದ ಕಾಲು ಭಾಗವನ್ನೇ ನಲವತ್ತು ವರ್ಷ ಅನುವಾದಿಸಿ ಬೀಗಿದೆನಲ್ಲ ಎಂದು ಒಬ್ಬಳೇ ಕೂತು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅಂದುಕೊಂಡೂ ಕೈಪಿಡಿಯನ್ನು ತಿದ್ದಲಿಲ್ಲ. ಹೆಸರಿನ ಆಸೆ ಕಣೇ, ಬೇರೇನಿಲ್ಲ. ನಾನು ಆಗಲೇ ತಿದ್ದಿದ್ದರೆ ಗಾಡಿಯಣ್ಣ ಇವತ್ತು ಗಾಡಿ ತಳ್ಳುತ್ತಿದ್ದ.

ಆದ್ದರಿಂದ ತಪ್ಪು ನನ್ನದು. ಈ ಕಾಗದವನ್ನು ಅಧಿಕಾರಿಯ ಮುಂದಿಡು. ನನ್ನ ಸಹಿ ಅವರಿಗೆ ಗೊತ್ತಿದೆ. ನಿನ್ನ ಹೆಸರು ಉಳಿಯಲಿ. ನೀನು ಇನ್ನೂ ಮೂವತ್ತು ವರ್ಷ ಕೆಲಸ ಮಾಡಬೇಕಾದವಳು, ನನ್ನ ಹೆಸರಿನಿಂದ ನನಗಿನ್ನು ಆಗಬೇಕಾದದ್ದೇನಿದೆ?

ಇನ್ನೊಂದು ಮಾತು. ಎಲ್ಲ ಒಂದೇ ಎಂದು ನಾನು ಬರೆದುಬಿಟ್ಟಿದ್ದರೂ ನಿನಗೆ ನೆಮ್ಮದಿ ಸಿಗುತ್ತಿರಲಿಲ್ಲ. ಆ ನಗುವನ್ನು ಒಂದು ತಿಂಗಳು ಕಿವಿಯಲ್ಲಿಟ್ಟುಕೊಂಡು ಒದ್ದಾಡಿದವಳು ನೀನು. ನಾನು ಕೆಲಸ ಕಲಿಸಿದ ಎಲ್ಲರಿಗಿಂತ ನೀನು ಮೇಲು ಎಂದು ಇವತ್ತಿನವರೆಗೆ ಹೇಳಿರಲಿಲ್ಲ. ತಲೆಗೆ ಏರೀತು ಎಂದು ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ, ಏರಿಸಿಕೋ.

ಅತ್ತೆ


೨೭ ಜುಲೈ

ಅತ್ತೆಗೆ ಸಾಷ್ಟಾಂಗ ನಮಸ್ಕಾರ.

ನಿಮ್ಮ ಕಾಗದ ಇಪ್ಪತ್ತೆರಡಕ್ಕೆ ಕೈಸೇರಿತು. ಓದಿ, ಅತ್ತು, ಎದ್ದು ಮುಖ ತೊಳೆದು, ಆವತ್ತು ಎರಡು ತಟ್ಟೆ ಊಟ ಮಾಡಿದೆ. ನಿಮ್ಮಷ್ಟು ದೊಡ್ಡವರನ್ನು ನಾನು ಇನ್ನು ಕಾಣುವುದಿಲ್ಲ. ಕಿವಿಯ ವಿಷಯಕ್ಕೆ ಮಾತ್ರ ನಿಮ್ಮ ಮೇಲೆ ಸಿಟ್ಟಿದೆ, ಅದಕ್ಕೆ ಎದುರಿಗೆ ಬಂದು ಜಗಳವಾಡುತ್ತೇನೆ.

ಕಾಗದವನ್ನು ಅಧಿಕಾರಿಗೆ ಕೊಡಲಿಲ್ಲ. ಮೊದಲ ಸಲ ನಿಮ್ಮ ಮಾತು ಮೀರಿದೆ. ನಿಯಮ ನಿಮ್ಮದಿರಬಹುದು, ರಿಸೀವರ್ ಇದ್ದದ್ದು ನನ್ನ ಕಿವಿಯಲ್ಲಿ.

ಇಪ್ಪತ್ತನಾಲ್ಕರಂದು ವಿಚಾರಣೆ ಶುರುವಾಗುತ್ತಿದ್ದ ಹಾಗೆ ಸ್ಟೂಲಿನಿಂದ ಎದ್ದು ನಿಂತೆ. "ಸಾರ್, ಮೇ ಇಪ್ಪತ್ತೇಳರ ಹೇಳಿಕೆಯಲ್ಲಿ ನನ್ನಿಂದ ತಪ್ಪಾಗಿದೆ. ಆ ಪದಕ್ಕೆ ಪೋಕರಿ ಅಂತಾನೂ ಅರ್ಥ ಇದೆ. ಅವರು ನಗ್ತಾ ಹೇಳಿದ್ರು. ನಗು ನಾನು ಹೇಳ್ಲಿಲ್ಲ" ಎಂದೆ. ಅಧಿಕಾರಿ ಕನ್ನಡಕ ತೆಗೆದು, "ಎರಡು ತಿಂಗಳಾದ ಮೇಲೆ ಹೇಳ್ತಿದ್ದೀರಲ್ಲಮ್ಮ" ಎಂದರು. "ಹೌದು ಸಾರ್" ಎಂದೆ.

ಇನ್ನೊಬ್ಬ ದುಭಾಷಿಯನ್ನು ಕರೆಸಿ, ಸರಿಯಾದ ಯಂತ್ರ ತರಿಸಿ, ಆ ಮೇಲ್ವಿಚಾರಕಿಗೆ ಮತ್ತೆ ಫೋನ್ ಹಚ್ಚಿದರು. ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಈ ಸಲ ಧ್ವನಿ ಕೋಣೆಗೆಲ್ಲ ಕೇಳಿಸಿತು. ಅವನನ್ನು ಕಳ್ಳತನದ ಮೇಲೆ ತೆಗೆದಿದ್ದಾರೆ ಎಂದದ್ದೇ ಆ ಮುದುಕಿ ರೇಗಿಹೋದರು. "ಕಳ್ಳನಾ? ಸುಡಬೇಕಿದ್ದ ಕಂಬಳಿಯನ್ನ ಗಾಡಿಯ ತಳದಲ್ಲಿ ಬಚ್ಚಿಟ್ಟು ತಗೊಂಡು ಹೋಗ್ತಿದ್ದ. ನನಗೆ ಗೊತ್ತಾಗೋದಿಲ್ಲ ಅಂದ್ಕೊಂಡಿದ್ದ, ಪೋಕರಿ! ಆ ಕಂಬಳಿಗಳ ಹರುಕು ಹೊಲಿದು ಅವನ ಕೈಗೆ ಸಿಗೋ ಹಾಗೆ ಮೇಲ್ಗಡೆ ಇಡ್ತಿದ್ದವಳು ಯಾರು ಅಂತ ಅವನನ್ನೇ ಕೇಳಿ!" ಎಂದು ಮತ್ತೆ ಅದೇ ನಗು ನಕ್ಕರು. ದುಭಾಷಿ ಅಣ್ಣ ಮಾತು ಮುಗಿಸಿ, "ಸಾಕ್ಷಿ ನಗುತ್ತಿದ್ದಾರೆ" ಎಂದು ಸೇರಿಸಿದ. ಟೈಪಿಸ್ಟ್ ಅಕ್ಕ ತಲೆಯೆತ್ತಿ, "ನಗೂನ ಹೆಂಗ್ ಟೈಪ್ ಮಾಡ್ಲಿ ಸಾರ್?" ಎಂದರು. ಅಧಿಕಾರಿ ಅವರ ಕಡೆ ತಿರುಗಿ, "ನಕ್ಕರು ಅಂತ ಬರೀರಿ" ಎಂದರು.

ಗಾಡಿಯಣ್ಣನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಆದೇಶವಾಯಿತು. ಇನ್ನು ಮೇಲೆ ಹಳೆಯ ಕಂಬಳಿಗಳಿಗೂ ಚೀಟಿ ಬರೆಸಬೇಕಂತೆ. ನನ್ನ ಹೆಸರು ಆರು ತಿಂಗಳು ಪಟ್ಟಿಯಲ್ಲಿ ಇರುವುದಿಲ್ಲ. ಶಾಶ್ವತವಾಗಿ ಹೋಗಬಹುದಿತ್ತು, ತಾನಾಗಿ ಹೇಳಿದಳೆಂದು ಅಷ್ಟಕ್ಕೆ ಬಿಟ್ಟರು. ನನಗೆ ಬೇಸರವಿಲ್ಲ.

ಮುಗಿದ ಮೇಲೆ ಮೆಟ್ಟಿಲ ಹತ್ತಿರ ಅವನು ನಿಂತಿದ್ದ. ಬೈಯುತ್ತಾನೆ ಎಂದುಕೊಂಡೆ, ಬೈಯಲಿ ಎಂದೇ ಹತ್ತಿರ ಹೋದೆ. ಅವನು ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಕೇಳಿದ.

"ಮೇಡಂ, ಅವತ್ತೂ ನಕ್ಕಿದ್ರಾ ಅಮ್ಮಾವ್ರು? ಮೊದಲನೇ ಸಲ ಫೋನ್ ಮಾಡ್ದಾಗ?"

"ಹೌದಣ್ಣ. ನಿಮ್ಮ ಹೆಸರು ಕೇಳಿದ ತಕ್ಷಣ ನಕ್ರು."

ಅವನು ಮೆಟ್ಟಿಲ ಕಂಬಿಯನ್ನು ಹಿಡಿದುಕೊಂಡ.

"ಕೆಲಸ ಹೋಗಿದ್ದು ಮನೇಲಿ ಆವತ್ತೇ ಹೇಳ್ದೆ ಮೇಡಂ. ಅವರು ನನ್ನ ಮೋಸಗಾರ ಅಂದ್ರು ಅನ್ನೋದನ್ನ ಮಾತ್ರ ಇವತ್ತಿನವರೆಗೂ ನನ್ನ ಹೆಂಡ್ತಿಗೆ ಹೇಳೋಕಾಗಿರಲಿಲ್ಲ" ಎಂದ. ಆಮೇಲೆ ಕಣ್ಣೊರೆಸಿಕೊಂಡು, ಎರಡೆರಡು ಮೆಟ್ಟಿಲು ದಾಟುತ್ತಾ ಇಳಿದುಹೋದ.

ನಿಮ್ಮ
ಸಾಸಿವೆ